ಹುಳುಮನೆಯ ಲೆಕ್ಕದಲ್ಲಿ ಕಟ್ಟಿದ ಮನೆ

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರ ತೋಟಗಳಲ್ಲಿ ಒಂದು ತಮಾಷೆ ಕಾಣುತ್ತದೆ. ಹುಳುಮನೆಗೆ ಎತ್ತರದ ಸೂರು, ಸುತ್ತ ಜಗಲಿ, ಗೋಡೆಯ ಬುಡದಲ್ಲೂ ತಲೆಯಲ್ಲೂ ಗಾಳಿಕಿಂಡಿ, ತಾರಸಿ ಮೇಲೆ ತೆಂಗಿನ ಗರಿ. ಪಕ್ಕದಲ್ಲೇ ಮನುಷ್ಯರು ಮಲಗುವ ಮನೆ. ಅದಕ್ಕೆ ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆ, ಬೋಳು ಆರ್‌ಸಿಸಿ, ಸಜ್ಜೆಯಿಲ್ಲದ ಗಾಜಿನ ಕಿಟಕಿ. ಬೇಸಿಗೆಯಲ್ಲಿ ಹುಳ ತಣ್ಣಗಿರುತ್ತವೆ. ಸಾಕಿದವರು ತಾರಸಿ ಮೇಲೆ ಚಾಪೆ ಹಾಸುತ್ತಾರೆ.

ಕಾರಣ ಇಲ್ಲದೆ ಇಲ್ಲ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳಕ್ಕೆ 24-25 ಡಿಗ್ರಿ, ಶೇ. 70ರ ಆಸುಪಾಸು ತೇವ ಬೇಕು. ಸೆಕೆ ಹೆಚ್ಚಾಗಿ ಗಾಳಿ ಕಟ್ಟಿಕೊಂಡರೆ ಸೊಪ್ಪು ತಿನ್ನುವುದು ಬಿಡುತ್ತವೆ, ಸಾಯುತ್ತವೆ, ಬೆಳೆ ಹೋಗುತ್ತದೆ. ಮನುಷ್ಯರು ಸಾಯುವುದಿಲ್ಲ, ಸುಮ್ನೆ ಗೊಣಗುತ್ತಾರೆ. ಗೊಣಗಿದರೆ ಮಾರ್ಕೆಟ್ಟಿನಲ್ಲಿ ಗೂಡಿನ ರೇಟು ಇಳಿಯುವುದಿಲ್ಲವಲ್ಲ!

ನಾನು ಇಂಜಿನಿಯರ್ ಅಲ್ಲ. ಸಾಮಾನು ನಾವೇ ತಂದು, ಒಬ್ಬ ಗಾರೆ ಮೇಸ್ತ್ರಿಗೆ ಕೂಲಿ ಲೆಕ್ಕದಲ್ಲಿ ಕೆಲಸ ಕೊಟ್ಟು, ದಿನಾ ಎದುರಿಗೆ ನಿಂತು ಕಟ್ಟಿಸಿದ ಮನೆ ಇದು. ಹುಳುಮನೆಯಲ್ಲಿ ಗೊತ್ತಿದ್ದದ್ದನ್ನೇ ಮನೆಗೂ ಮಾಡಿದೆ. ಬಿಸಿಲು ಒಳಗೆ ಬಾರದಂತೆ ತಡೆಯುವುದು ಮೊದಲು. ಬಂದ ಸೆಕೆಯನ್ನು ರಾತ್ರಿ ಹೊರಗೆ ಅಟ್ಟುವುದು ಆಮೇಲೆ. ಫ್ಯಾನು, ಕೂಲರು ಕೊನೆಗೆ. ಹೆಚ್ಚಿನವರು ಈ ಸಾಲನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲು ಎಸಿಗೆ ಪಾಯಿಂಟ್ ಎಲ್ಲಿ ಅಂತ ಕೇಳುತ್ತಾರೆ.

ತಾರಸಿಯಿಂದಲೇ ಶುರು ಮಾಡುತ್ತೇನೆ. ನಮ್ಮ ಊರು ಸುಮಾರು 13.4 ಡಿಗ್ರಿ ಅಕ್ಷಾಂಶದಲ್ಲಿದೆ. ಅಶ್ವಿನಿ ಮಳೆ ಮುಗಿದು ಭರಣಿ ಹುಟ್ಟುವ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆಯ ವಾರದಲ್ಲಿ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಇರುತ್ತಾನೆ. ಆಗ ಗೋಡೆಗಿಂತ ತಾರಸಿಗೇ ಬಿಸಿಲು ಜಾಸ್ತಿ. ಬರೀ ಸಿಮೆಂಟ್ ತಾರಸಿ ಅದರ ಮುಕ್ಕಾಲು ಪಾಲಿನ ಹತ್ತಿರ ಕುಡಿದುಬಿಡುತ್ತದೆ. ಹಗಲೆಲ್ಲ ಕುಡಿದದ್ದನ್ನು ರಾತ್ರಿ ಒಳಗೆ ಕಕ್ಕುತ್ತದೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಹತ್ತು ಗಂಟೆಗೆ ಮಂಚದ ಮೇಲೆ ಮಲಗಿದವರ ಮುಖಕ್ಕೆ ಸೂರಿನ ಕಾವು ಹೊಡೆಯುವುದು ಇದಕ್ಕೇ.

ಮೋಲ್ಡ್ ಹಾಕುವಾಗ ಫಿಲ್ಲರ್ ಸ್ಲ್ಯಾಬ್ ಮಾಡಿಸಿದೆ. ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟು ಭಾರ ಹೊರುವುದಿಲ್ಲ, ಕಂಬಿ ಹೊರುತ್ತದೆ. ಹಾಗಾಗಿ ಅಲ್ಲಿ ಕಂಬಿಗಳ ನಡುವೆ ಎರಡೆರಡು ಮಂಗಳೂರು ಹೆಂಚನ್ನು ಮುಖಕ್ಕೆ ಮುಖ ಜೋಡಿಸಿ ಇಟ್ಟರೆ ಸಿಮೆಂಟೂ ಉಳಿಯುತ್ತದೆ, ಹೆಂಚುಗಳ ನಡುವೆ ಗಾಳಿಯೂ ನಿಲ್ಲುತ್ತದೆ. ಗೋಡೆಗೆ ರ‍್ಯಾಟ್ ಟ್ರ್ಯಾಪ್ ಬಾಂಡ್. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುವುದು. ಒಂಬತ್ತಿಂಚಿನ ಗೋಡೆಯೇ, ಆದರೆ ಹೊಟ್ಟೆ ಟೊಳ್ಳು. ಇಟ್ಟಿಗೆ ಸುಮಾರು ಕಾಲುಭಾಗ ಕಡಿಮೆ ಸಾಕು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇವೆರಡನ್ನೂ ರೂಢಿಗೆ ತಂದವರು. ನಮಗೆ ಇಟ್ಟಿಗೆ ಮಾಲೂರಿನಿಂದ ಬಂತು.

ಮೇಸ್ತ್ರಿಗೆ ಇದು ಹಿಡಿಸಲಿಲ್ಲ. "ಅಣ್ಣ, ಟೊಳ್ಳು ಗೋಡೆ ಕಟ್ಟಿ ನಾಳೆ ಊರವರು ನನ್ನ ಬೈದ್ರೆ?" ಅಂದರು. ಮೊದಲು ಕಾಂಪೌಂಡಿನ ಒಂದು ತುಂಡು ಕಟ್ಟಿ ನೋಡೋಣ ಅಂದೆ. ಕೈ ಕೂತ ಮೇಲೆ ಅವರೇ ಸಹಾಯಕರಿಗೆ ಹೇಳಿಕೊಡತೊಡಗಿದರು. ಎರಡು ಎಚ್ಚರಿಕೆ ಮಾತ್ರ ಹೇಳಬೇಕು. ಸ್ಲ್ಯಾಬಿನ ಕಂಬಿ ಲೆಕ್ಕವನ್ನು ಇಂಜಿನಿಯರ್ ಕೈಲೇ ಹಾಕಿಸಿ, ಮೇಸ್ತ್ರಿ ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಇನ್ನು ಟೊಳ್ಳು ಗೋಡೆಯನ್ನು ಆಮೇಲೆ ಕೊರೆದರೆ ಇಟ್ಟಿಗೆ ಒಡೆಯುತ್ತದೆ. ಸ್ವಿಚ್ ಬೋರ್ಡು, ನಲ್ಲಿ ಪೈಪು ಎಲ್ಲಿ ಬರುತ್ತವೆ ಅಂತ ಗೋಡೆ ಏಳುವ ಮೊದಲೇ ಗುರುತು ಹಾಕಿಡಬೇಕು.

ಇದೆಲ್ಲ ಹೊಸದಾಗಿ ಕಟ್ಟುವವರಿಗೆ ಆಯಿತು. ಕಟ್ಟಿ ಮುಗಿಸಿದವರು ಒಂದೇ ಒಂದು ಕೆಲಸ ಮಾಡುವುದಾದರೆ ತಾರಸಿಗೆ ಸುಣ್ಣ ಹೊಡೆಯಿರಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅಂತಾರಲ್ಲ, ನಾನು ಆ ವಾರವೇ ಬ್ರಷ್ ಹಿಡಿಯುತ್ತೇನೆ. ತಾರಸಿ ಗುಡಿಸಿ, ತೊಳೆದು, ಸುಣ್ಣಕ್ಕೆ ಸ್ವಲ್ಪ ಬಿಳಿ ಸಿಮೆಂಟು, ಸ್ವಲ್ಪ ಫೆವಿಕಾಲ್ ಕಲಸಿ, ಒಂದರ ಮೇಲೊಂದು ಮೂರು ಕೋಟು. ಅಂಟು ಹಾಕದಿದ್ದರೆ ಕಾಲಿಗೆಲ್ಲ ಮೆತ್ತುತ್ತದೆ, ಮೊದಲ ಮಳೆಗೇ ಹೋಗುತ್ತದೆ. ಹೊಡೆದ ಮಾರನೇ ಮಧ್ಯಾಹ್ನ ಬರಿಗಾಲಲ್ಲಿ ತಾರಸಿ ಮೇಲೆ ನಿಂತು ನೋಡಿ. ನಿಲ್ಲೋಕೆ ಆಗುತ್ತೆ! ಕಣ್ಣಿಗೆ ಮಾತ್ರ ಹೊಳಪು ಚುಚ್ಚುತ್ತದೆ, ಮಧ್ಯಾಹ್ನ ಹಪ್ಪಳ ಒಣಗಿಸಲು ಹೋದರೆ ನಮ್ಮಮ್ಮ ಸೆರಗು ಮುಖಕ್ಕೆ ಅಡ್ಡ ಹಿಡಿಯುತ್ತಾರೆ.

ಸಜ್ಜೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ, ಅಲ್ಲಿ ಸಜ್ಜೆ ದಂಡ ಅಂತಾರೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ಅಲ್ಲೂ ಎರಡಡಿ ಸಜ್ಜೆ ಇಟ್ಟೆ. ಪಡುವಣಕ್ಕೆ ಸಜ್ಜೆ ಸಾಲದು. ಸಾಯಂಕಾಲದ ಬಿಸಿಲು ಅಡ್ಡಡ್ಡ ಬರುತ್ತದೆ, ಸಜ್ಜೆಯ ಕೆಳಗೇ ನುಗ್ಗುತ್ತದೆ. ಆ ಕಡೆ ಹಳೇ ದ್ರಾಕ್ಷಿ ತೋಟದಿಂದ ಕಿತ್ತ ಕಲ್ಲುಕಂಬ ನಿಲ್ಲಿಸಿ, ತಂತಿ ಎಳೆದು ಚಪ್ಪರ ಮಾಡಿದೆವು. ಜನವರಿ ಕೊನೆಗೆ ಹೀರೆ, ಸೋರೆ ಬೀಜ ಹಾಕಿದರೆ ಬೇಸಿಗೆ ಬಲಿಯುವಷ್ಟರಲ್ಲಿ ನೆರಳು ತುಂಬುತ್ತದೆ. ಬಳ್ಳಿಗೆ ನೀರು ಬಚ್ಚಲಿಂದ.

ಇನ್ನು ಗಾಳಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ದುಡ್ಡಿಲ್ಲದೆ ಸಿಗುವ ತಂಪು ಇದೊಂದೇ.

ಚಿಕ್ಕಬಳ್ಳಾಪುರ ಸೀಮೆ ಎತ್ತರದ್ದು. ಏಪ್ರಿಲ್‌ನಲ್ಲಿ ಮಧ್ಯಾಹ್ನ 35-36 ಮುಟ್ಟಿದರೂ ಬೆಳಗಿನ ಜಾವಕ್ಕೆ 21-22ಕ್ಕೆ ಇಳಿಯುತ್ತದೆ. ಇಂಥ ಕಡೆ ಕಿಟಕಿಯನ್ನು ರಾತ್ರಿ ತೆಗೆದು ಹಗಲು ಮುಚ್ಚಬೇಕು. ನಾವು ಮಾಡುವುದು ಉಲ್ಟಾ. ಸೆಕೆ ಅಂತ ಮಧ್ಯಾಹ್ನ ಎಲ್ಲ ಕಿಟಕಿ ತೆಗೆದು 36 ಡಿಗ್ರಿ ಗಾಳಿಯನ್ನು ಒಳಗೆ ಕರೆಯುತ್ತೇವೆ, ಸಂಜೆ ಸೊಳ್ಳೆ ಅಂತ ಮುಚ್ಚಿ ಆ ಸೆಕೆಯನ್ನು ಒಳಗೇ ಕಾಪಾಡುತ್ತೇವೆ. ನಮ್ಮ ಮನೆಯಲ್ಲಿ ಈಗ ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಬಾಗಿಲು ಮುಚ್ಚುತ್ತವೆ. ಹೊರಗಿನ ಗಾಳಿ ಒಳಗಿಗಿಂತ ತಂಪಾದ ಮೇಲೆ, ಸುಮಾರು ಏಳು ಗಂಟೆಗೆ, ತೆರೆಯುತ್ತವೆ. "ಉಸಿರು ಕಟ್ಟುತ್ತಪ್ಪ" ಅಂತ ಅಮ್ಮ ಮೊದಲು ಒಪ್ಪಲಿಲ್ಲ. ಹುಳುಮನೆಯ ಒಣ-ಒದ್ದೆ ಥರ್ಮಾಮೀಟರ್ (ಎರಡು ಕಡ್ಡಿ, ಒಂದರ ಬುಡಕ್ಕೆ ಒದ್ದೆ ಬಟ್ಟೆ) ತಂದು ನಡುಮನೆಯಲ್ಲಿ ನೇತುಹಾಕಿದೆ. ಮಧ್ಯಾಹ್ನ ಹೊರಗೆ ನೆರಳಲ್ಲಿ 36 ಇದ್ದಾಗ ಒಳಗೆ 30 ಚಿಲ್ಲರೆ. ಈಗ ಕಿಟಕಿ ಮುಚ್ಚುವ ಡ್ಯೂಟಿ ಅಮ್ಮನದೇ.

ರಾತ್ರಿ ಗಾಳಿ ಒಳಗೆ ಬರಲು ದಾರಿ ಬೇಕು, ಹೋಗಲೂ ದಾರಿ ಬೇಕು. ಒಂದೇ ಗೋಡೆಗೆ ಎರಡು ಕಿಟಕಿ ಇಟ್ಟರೆ ಏನೂ ಆಗುವುದಿಲ್ಲ, ಎದುರು ಗೋಡೆಯಲ್ಲಿ ಒಂದು ಇರಬೇಕು. ಬಿಸಿ ಗಾಳಿ ಮೇಲಕ್ಕೇರುತ್ತದೆ, ಹಾಗಾಗಿ ಹೋಗುವ ದಾರಿ ಮೇಲಿದ್ದಷ್ಟೂ ಒಳ್ಳೆಯದು. ಹಳೇ ಹೆಂಚಿನ ಮನೆಗಳಲ್ಲಿ ಬೆಳಕಿಂಡಿ ಆ ಕೆಲಸ ಮಾಡುತ್ತಿತ್ತು. ನಾನು ತಾರಸಿಗೆ ಹೋಗುವ ಮೆಟ್ಟಿಲಿನ ಹೆಡ್‌ರೂಮನ್ನೇ ಹಾಗೆ ಬಳಸಿದೆ. ಅದರ ನಾಲ್ಕೂ ಗೋಡೆಯ ತಲೆಯಲ್ಲಿ ಜಾಲಿ ಇಟ್ಟಿಗೆ, ಒಳಗಿನಿಂದ ಮುಚ್ಚುವ ಹಲಗೆ. ಕೆಳಗೆ ಮಲಗುವ ಕೋಣೆಗಳಲ್ಲಿ ನೆಲದಿಂದ ಒಂದಡಿ ಎತ್ತರದಲ್ಲಿ ಸಣ್ಣ ಗಾಳಿಕಿಂಡಿ, ಹುಳುಮನೆಯಲ್ಲಿ ಇರುವಂಥದ್ದೇ. ರಾತ್ರಿ ಎರಡನ್ನೂ ತೆಗೆದರೆ ಗಾಳಿ ಆಡದ ದಿನವೂ ಕೆಳಗಿನ ಕಿಂಡಿಯ ಹತ್ತಿರ ಕೈ ಇಟ್ಟರೆ ತಂಪು ತಗಲುತ್ತದೆ. ತೋಟದ ಮನೆಯಲ್ಲಿ ಕೆಳಗಿನ ಕಿಂಡಿ ಅಂದರೆ ಹಾವು, ಇಲಿಗೆ ಬಾಗಿಲು. ಅದಕ್ಕೆ ಗಟ್ಟಿ ಸ್ಟೀಲ್ ಜಾಲರಿ ಬೇಕೇ ಬೇಕು.

ಸೊಳ್ಳೆ ಪರದೆ ಹಾಕಿದ ಕಿಟಕಿಯಲ್ಲಿ ಗಾಳಿ ಎಷ್ಟೋ ಕಡಿಮೆಯಾಗುತ್ತದೆ. ರೇಷ್ಮೆ ಹುಳದ ಮೇಲೆ ಮೊಟ್ಟೆಯಿಡುವ ಊಜಿ ನೊಣಕ್ಕೆ ಬಲೆ ಕಟ್ಟಿದವರಿಗೆಲ್ಲ ಇದು ಗೊತ್ತು. ಆದ್ದರಿಂದ ಕಿಟಕಿಯನ್ನು ಮಾಮೂಲಿಗಿಂತ ದೊಡ್ಡದು ಮಾಡಿಸಿದೆ. ಪರದೆಯನ್ನು ಬಿಚ್ಚಿ ತೊಳೆಯುವ ಹಾಗೆ ಇಟ್ಟುಕೊಳ್ಳಿ. ರಸ್ತೆ ಧೂಳು ಕೂತರೆ ಅದು ಗೋಡೆಗೆ ಸಮ.

ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಒಲೆಯ ಮೇಲ್ಭಾಗಕ್ಕೇ ಬರಬೇಕು, ಕಿಟಕಿಯ ಪಕ್ಕ ಅಲ್ಲ. ಪಕ್ಕದಲ್ಲಿದ್ದರೆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತದೆ, ಒಗ್ಗರಣೆ ಘಾಟು ಇದ್ದಲ್ಲೇ ಇರುತ್ತದೆ.

ಕರೆಂಟಿನ ಸಾಮಾನಿಗೆ ಬರೋಣ. ಮನೆಗಳಿಗೆ ಬಿಟ್ಟಿ ಕರೆಂಟು ಕೊಡುವ ಗೃಹಜ್ಯೋತಿ ಬಂದ ಮೇಲೆ ಯೂನಿಟ್ ಉಳಿಸಿ ಏನು ಲಾಭ ಅಂತ ಕೇಳುವವರೇ ಎಲ್ಲ. ಹೊಸ ಮನೆ ಕಟ್ಟಿದವರಿಗೆ ಲಾಭ ಇದೆ. 2023ರ ಜುಲೈ ಬಳಕೆಯಿಂದ ಯೋಜನೆ ಶುರುವಾದಾಗ ಹಳೇ ಮೀಟರ್‌ಗಳಿಗೆ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ. 10 ಸೇರಿಸಿ ಅಷ್ಟನ್ನು ಬಿಟ್ಟಿ ಕೊಟ್ಟರು. ಹೊಸ ಮನೆಗೆ ಹಿಂದಿನ ಲೆಕ್ಕ ಎಲ್ಲಿಂದ ಬರಬೇಕು? ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ. 10. ಅಲ್ಲಿಗೆ ತಿಂಗಳಿಗೆ 58. ಅದಕ್ಕಿಂತ ಹೆಚ್ಚಾದದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ನನ್ನ ಗುರಿ 58ರೊಳಗೆ ನಿಲ್ಲುವುದು.

ಇದನ್ನು ನಿರ್ಧರಿಸುವುದು ಫ್ಯಾನು. ಹಳೇ ಸೀಲಿಂಗ್ ಫ್ಯಾನ್ 75 ವಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಅಂದರೆ ಬ್ರಷ್ ಇಲ್ಲದ ಡಿಸಿ ಮೋಟರಿನ ಫ್ಯಾನು 30ರ ಆಸುಪಾಸು. ನಮ್ಮಲ್ಲಿ ಎಲ್ಲ ಕೋಣೆ ಸೇರಿ ದಿನಕ್ಕೆ 22 ಗಂಟೆ ಫ್ಯಾನ್ ತಿರುಗುತ್ತದೆ ಅಂತಿಟ್ಟುಕೊಳ್ಳಿ. ಹಳೆಯದಾದರೆ ತಿಂಗಳಿಗೆ 50 ಯೂನಿಟ್, ಬಿಎಲ್‌ಡಿಸಿಯಾದರೆ 20. ಫ್ರಿಜ್ 13, ಬಲ್ಬು 7, ಟಿವಿ 7, ಮಿಕ್ಸಿ, ವಾಷಿಂಗ್ ಮಷಿನ್, ಮೊಬೈಲ್ ಚಾರ್ಜಿಂಗ್ ಎಲ್ಲ ಸೇರಿ 5. ಒಟ್ಟು 52. ಹಳೇ ಫ್ಯಾನ್ ಇದ್ದಿದ್ದರೆ 82. ಬಿಎಲ್‌ಡಿಸಿಯಲ್ಲಿ ನನಗೆ ಇಷ್ಟವಾದದ್ದು ಇನ್ನೊಂದಿದೆ. ಸಂಜೆ ವೋಲ್ಟೇಜ್ ಬಿದ್ದಾಗ ಹಳೇ ಫ್ಯಾನ್ ತೆವಳುತ್ತದೆ, ಇದು ಅದೇ ಸ್ಪೀಡಿನಲ್ಲಿ ಓಡುತ್ತದೆ. ಕರೆಂಟ್ ಹೋದರೆ ಯುಪಿಎಸ್ ಬ್ಯಾಟರಿ ಎರಡು ಪಟ್ಟು ಹೊತ್ತು ಬರುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೂ ಸ್ಟಾರ್ ಲೇಬಲ್ ಕಡ್ಡಾಯ, ನೋಡಿ ತಗೊಳ್ಳಿ. ರಿಮೋಟ್ ಒಂದೇ ರಗಳೆ, ಸದಾ ದಿಂಬಿನ ಕೆಳಗೆ ಕಳೆದುಹೋಗಿರುತ್ತದೆ. ಮತ್ತೆ, ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಮೈ ಬೆವರನ್ನು ಆರಿಸುತ್ತದೆ ಅಷ್ಟೇ. ಜನ ಇಲ್ಲದ ಕೋಣೆಯಲ್ಲಿ ತಿರುಗಿದರೆ ಯಾರಿಗೂ ಉಪಯೋಗವಿಲ್ಲ.

ಫ್ರಿಜ್ ಕೊಳ್ಳುವಾಗ ಸ್ಟಾರ್ ಮಾತ್ರ ನೋಡಬೇಡಿ. ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, ಆ ಅಂಕಿ ನೋಡಿ. ಸ್ಟಾರ್ ಲೆಕ್ಕ ಆಗಾಗ ಬಿಗಿಯಾಗುತ್ತದೆ, ಹಳೇ ಐದು ಸ್ಟಾರೂ ಹೊಸ ಐದು ಸ್ಟಾರೂ ಒಂದೇ ಅಲ್ಲ. ಒಲೆಯ ಪಕ್ಕ ಇಡಬೇಡಿ, ಗೋಡೆಗೆ ಒತ್ತಬೇಡಿ. ಅದು ಒಳಗಿನ ಬಿಸಿಯನ್ನು ಹಿಂದಕ್ಕೆ ಬಿಡುತ್ತದೆ, ಜಾಗ ಇಲ್ಲದಿದ್ದರೆ ಕಂಪ್ರೆಸರ್ ಸುಮ್ಮನಾಗುವುದೇ ಇಲ್ಲ.

ಕೂಲರ್ ಬೇಕಾ ಬೇಡವಾ ಅನ್ನುವುದನ್ನು ಅದೇ ಒಣ-ಒದ್ದೆ ಥರ್ಮಾಮೀಟರ್ ಹೇಳುತ್ತದೆ. ಒಣ ಕಡ್ಡಿ 36, ಒದ್ದೆ ಕಡ್ಡಿ 23 ಇದ್ದರೆ ನಡುವೆ 13 ಡಿಗ್ರಿ ವ್ಯತ್ಯಾಸ. ಒಳ್ಳೆ ಕೂಲರ್ ಇದರ ಮುಕ್ಕಾಲು ಪಾಲು ಇಳಿಸುತ್ತದೆ. ಅಂದರೆ 26ರ ಗಾಳಿ ಬರುತ್ತದೆ. ಮಾರ್ಚ್, ಏಪ್ರಿಲ್ ಒಣಹವೆಯಲ್ಲಿ ಇದು ನಿಜಕ್ಕೂ ಸಾಧ್ಯ. ಮಳೆ ಬಿದ್ದು ವ್ಯತ್ಯಾಸ ನಾಲ್ಕೈದು ಡಿಗ್ರಿಗೆ ಬಂದರೆ ಕೂಲರ್ ಹಾಕಬೇಡಿ, ಮೈ ಅಂಟುತ್ತದೆ ಅಷ್ಟೆ. ಕೂಲರ್ ಓಡುವಾಗ ಮಾತ್ರ ಎದುರಿನ ಕಿಟಕಿ ತೆಗೆದಿಡಲೇಬೇಕು. ಎಸಿ ಥರ ಕೋಣೆ ಮುಚ್ಚಿ ಹಾಕಿದರೆ ಅರ್ಧ ಗಂಟೆಗೆ ಒಳಗೆಲ್ಲ ಹಬೆ.

ನಮ್ಮ ಜಿಲ್ಲೆಯಲ್ಲಿ ಕೂಲರ್‌ಗೆ ಕರೆಂಟಿಗಿಂತ ನೀರಿನದೇ ಯೋಚನೆ. ಸಾವಿರ ಅಡಿ ಬೋರಿನ ಗಡಸು ನೀರು ಹಾಕಿದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟಿ ಗಾಳಿಯೇ ಬರುವುದಿಲ್ಲ. ಆರ್‌ಒ ಮಷಿನ್ನಿನಿಂದ ಹೊರಬರುವ ನೀರು ಹೇಗೂ ದಂಡ ಅಂತ ಕೂಲರ್‌ಗೆ ಸುರಿಯುವವರನ್ನು ನೋಡಿದ್ದೇನೆ. ಅದು ಇನ್ನೂ ಉಪ್ಪು. ನಾನು ಮಳೆನೀರಿನ ಸಂಪಿನಲ್ಲಿ ಕೂಲರ್‌ಗೆಂದೇ ಒಂದು ಪಾಲು ಉಳಿಸಿಕೊಳ್ಳುತ್ತೇನೆ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ಒಣಗಿಸುವುದೂ ಕಡ್ಡಾಯ, ಇಲ್ಲದಿದ್ದರೆ ನಾವೇ ಸೊಳ್ಳೆ ಸಾಕಿದ ಹಾಗೆ. ಕೂಲರ್ ಓಡುವ ಆ ಎರಡು ತಿಂಗಳು 58 ದಾಟುತ್ತದೆ, ದಾಟಿದಷ್ಟಕ್ಕೆ ಕಟ್ಟುತ್ತೇನೆ.

ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಯಾಕೆ ಹಾಕಿಲ್ಲ ಅಂತ ನೋಡಿದವರೆಲ್ಲ ಕೇಳುತ್ತಾರೆ. ಕೇಂದ್ರದ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಒಂದು ಕಿಲೋವಾಟ್ ನಮ್ಮ ಕಡೆ ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಯೂನಿಟ್ ಕೊಡುತ್ತದೆ, ತಿಂಗಳಿಗೆ 120. ನಾವು ಬಳಸುವುದು 52, ಅದೂ ಬಿಟ್ಟಿ. ಸಬ್ಸಿಡಿ ಕಳೆದು ಉಳಿದ ದುಡ್ಡನ್ನು ಈಗ ಅದರ ಮೇಲೆ ಹಾಕುವುದರಲ್ಲಿ ಅರ್ಥವಿಲ್ಲ. ಮಗಳು ಎಲೆಕ್ಟ್ರಿಕ್ ಸ್ಕೂಟರ್ ಬೇಕು ಅಂತಿದ್ದಾಳೆ. ಅದು ಬಂದರೆ ಲೆಕ್ಕ ಬದಲಾಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ಪ್ಯಾನೆಲ್ ನಿಲ್ಲಿಸುವಷ್ಟು ಜಾಗ ಬಿಟ್ಟು, ಅಲ್ಲಿಂದ ಮೀಟರ್ ಬೋರ್ಡಿನವರೆಗೆ ಖಾಲಿ ಪೈಪನ್ನು ಗೋಡೆ ಕಟ್ಟುವಾಗಲೇ ಇಳಿಸಿಟ್ಟಿದ್ದೇನೆ.