ಜೋಡಿಸುವ ಮರದ ಮಂಚ: ಅಲುಗದಂತೆ ನಿಲ್ಲಿಸುವುದು ಹೇಗೆ?

ದಾವಣಗೆರೆಯ ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ಬಾಡಿಗೆ ಮನೆ ಹಿಡಿದವರು ವರ್ಷ ಎರಡು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುತ್ತಲೇ ಇರುತ್ತಾರೆ. ಬಡಗಿ ಹತ್ತಿರ ಮಾಡಿಸಿದ ಸಾಗುವಾನಿ ಮಂಚವನ್ನು ಪ್ರತಿ ಸಲ ಮೆಟ್ಟಿಲಿಳಿಸುವುದು ಆಗುವ ಮಾತಲ್ಲ. ಹಾಗಾಗಿ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬಂದು, ಮನೆಯಲ್ಲೇ ಬೋಲ್ಟ್ ಹಾಕಿ ನಿಲ್ಲಿಸುವ ಮಂಚವನ್ನೇ ಜನ ತರಿಸುತ್ತಾರೆ. ಆಮೇಲೆ ಶುರುವಾಗುತ್ತದೆ ದೂರು: ಮಗ್ಗುಲು ಬದಲಿಸಿದರೆ ಕಿರ್ ಎನ್ನುತ್ತದೆ, ಕೂತರೆ ಅಲುಗುತ್ತದೆ.

ಬೈಗುಳ ಮರಕ್ಕೆ ಬೀಳುತ್ತದೆ. ತಪ್ಪು ಮಾತ್ರ ಹೆಚ್ಚಿನ ಸಲ ಜಾಯಿಂಟಿನದು.

ಕೊಳ್ಳುವ ಮುಂಚೆ

‘ಶೀಶಮ್ ರೀ ಸಾರ್, ಆನೆ ಹತ್ತಿದ್ರೂ ಏನೂ ಆಗಲ್ಲ’ ಎಂದು ಅಂಗಡಿಯವರು ಗಟ್ಟಿ ಮರದ ಹೆಸರು ಹೇಳಿದರೆ ತಲೆದೂಗಬೇಡಿ. ಆನೆ ಬೇಡ, ಇಬ್ಬರನ್ನು ಹೊತ್ತರೆ ಸಾಕು. ಇಬ್ಬರು ಅಂದರೆ ಸುಮಾರು 130–150 ಕೆ.ಜಿ. ಹತ್ತಿ ಹಾಸಿಗೆಯಾದರೆ ಅದರ ಭಾರವೂ ಸೇರುತ್ತದೆ. ಮಕ್ಕಳು ಧೊಪ್ಪನೆ ಹಾರಿದಾಗ ಬೀಳುವ ಪೆಟ್ಟು ಅವರ ತೂಕಕ್ಕಿಂತ ಜಾಸ್ತಿ.

ನೋಡಬೇಕಾದ್ದು ಕಾಲಿಗೂ ಉದ್ದದ ಪಕ್ಕದ ಹಲಗೆಗೂ ಕೂಡುವ ಜಾಗ. ಅಲ್ಲಿ ಒಂದೇ ಬೋಲ್ಟ್ ಇದ್ದರೆ ಕಾಲು ಅದರ ಸುತ್ತ ಬಾಗಿಲ ಕೀಲಿನಂತೆ ತಿರುಗಲು ನೋಡುತ್ತದೆ. ಒಂದರ ಮೇಲೊಂದು ಎರಡು ಇರಬೇಕು, ನಡುವೆ ಅಂತರ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಮೂರು ಇಂಚು ಅಗಲದ ಹಲಗೆಗಿಂತ ಐದಾರು ಇಂಚಿನದು ಗಟ್ಟಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಬೋಲ್ಟ್ ಯಾವುದನ್ನು ಕಚ್ಚುತ್ತದೆ ಎಂಬುದೂ ಮುಖ್ಯ. ಮರದೊಳಗೆ ಕೂರಿಸಿದ ಕಬ್ಬಿಣದ ನಟ್ಟನ್ನು ಕಚ್ಚಿದರೆ ಎಷ್ಟು ಸಲ ಬಿಚ್ಚಿ ಹಾಕಿದರೂ ಚಿಂತೆಯಿಲ್ಲ. ಬರೀ ಸ್ಕ್ರೂ, ಅದೂ ಪಾರ್ಟಿಕಲ್ ಬೋರ್ಡಿಗೆ ಹಾಕಿದ್ದು ಅಂದರೆ ಕಷ್ಟ. ಅದು ಮರದ ಚೂರನ್ನು ಅಂಟು ಹಾಕಿ ಒತ್ತಿದ ಹಲಗೆ. ಒಮ್ಮೆ ಸ್ಕ್ರೂ ಬಿಚ್ಚಿ ನೋಡಿ, ಅದರ ಸುರುಳಿ ಎಳೆಯ ಸಂದಿನಲ್ಲಿ ಕಂದು ಪುಡಿ ಮೆತ್ತಿಕೊಂಡಿರುತ್ತದೆ. ಸ್ಕ್ರೂ ಕಚ್ಚಿ ಹಿಡಿದಿದ್ದ ಹಲಗೆಯೇ ಹೀಗೆ ಪುಡಿಯಾಗಿ ಬಂದದ್ದು.

ಕ್ವೀನ್ ಸೈಜಿನ ಹಾಸಿಗೆ 60 ಇಂಚು ಅಗಲ, ಕಿಂಗ್ 72. ಇಷ್ಟಗಲಕ್ಕೆ ನಡುವೆ ಒಂದು ಉದ್ದ ತೊಲೆ, ಅದಕ್ಕೆ ನೆಲ ಮುಟ್ಟುವ ಕಾಲು ಇರಲೇಬೇಕು. ಲೆಕ್ಕ ಸುಲಭ: ಹಾಸಿಗೆಯ ಕೆಳಗೆ ಅಡ್ಡಕ್ಕೆ ಕೂರುವ ಮರದ ಪಟ್ಟಿಯ ಆಸರೆಗಳ ನಡುವಿನ ದೂರ ಅರ್ಧವಾದರೆ, ಅದೇ ಭಾರ ನಡುವೆ ಬಿದ್ದಾಗ ಬಗ್ಗುವುದು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಡುಗಾಲಿಲ್ಲದ ಡಬಲ್ ಮಂಚ ಎಷ್ಟೇ ಅಗ್ಗವಾಗಿರಲಿ, ನಾನಂತೂ ತೆಗೆದುಕೊಳ್ಳಿ ಎನ್ನುವುದಿಲ್ಲ.

ಜೋಡಿಸುವ ದಿನ

ಮಂಚ ಎಲ್ಲಿರಬೇಕೋ ಆ ಕೋಣೆಯಲ್ಲೇ ಜೋಡಿಸಿ. ಹಾಲ್‌ನಲ್ಲಿ ನಿಲ್ಲಿಸಿ ಎಳೆದುಕೊಂಡು ಹೋದರೆ ಹೊಸ ಜಾಯಿಂಟು ಅಲ್ಲೇ ಸಡಿಲ. ಡಬ್ಬಿಯ ರಟ್ಟು ನೆಲಕ್ಕೆ ಹಾಸಿ, ಬೋಲ್ಟ್‌ಗಳನ್ನು ಉದ್ದದ ಪ್ರಕಾರ ಬೇರೆ ಮಾಡಿಕೊಳ್ಳಿ. ಇಬ್ಬರಿದ್ದರೆ ಅನುಕೂಲ.

ಮೊದಲು ಎಲ್ಲ ಬೋಲ್ಟನ್ನೂ ಕೈಯಲ್ಲೇ ತಿರುಗಿಸಿ, ಸಡಿಲವಾಗಿಯೇ ಬಿಡಿ. ಒಂದು ಮೂಲೆಯನ್ನು ಮೊದಲೇ ಬಿಗಿ ಮಾಡಿದರೆ ನಾಲ್ಕನೇ ಮೂಲೆಯ ತೂತು ಕೂಡುವುದಿಲ್ಲ. ಆಗ ಸುತ್ತಿಗೆ ತೆಗೆದುಕೊಳ್ಳುವ ಆಸೆ ಬರುತ್ತದೆ. ಬೇಡ.

ಚೌಕಟ್ಟು ನಿಂತ ಮೇಲೆ ಟೇಪ್ ಹಿಡಿದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆಯಿರಿ, ಆಮೇಲೆ ಇನ್ನೊಂದು ಜೋಡಿ ಮೂಲೆ. ಎರಡೂ ಅಳತೆ ಒಂದೇ ಬಂದರೆ ಮೂಲೆಗಳು ನೇರ ಇವೆ ಎಂದರ್ಥ. ವ್ಯತ್ಯಾಸ ಇದ್ದರೆ ಉದ್ದ ಬಂದ ಕಡೆಯ ಎರಡು ಮೂಲೆಗಳನ್ನು ಒಳಕ್ಕೆ ಒತ್ತಿ, ಮತ್ತೆ ಅಳೆಯಿರಿ. ಆಮೇಲೆ ಅಲೆನ್ ಕೀಯಿಂದ (ಬೋಲ್ಟ್ ತಲೆಯ ಆರು ಮೂಲೆಯ ಗುಳಿಗೆ ಕೂರುವ ಬಾಗಿದ ಸರಳು) ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಹೋಗಿ. ವಾಷರ್ ಮರದೊಳಗೆ ಹೂತುಕೊಳ್ಳುವಷ್ಟು ತಿರುಗಿಸಬೇಡಿ. ಅಲ್ಲಿ ಮರ ನಜ್ಜಾದರೆ ಬಿಗಿ ಉಳಿಯುವುದಿಲ್ಲ. ಜಾಯಿಂಟಿನ ತೂತಿಗೆ ಕೂರಿಸುವ ಸಣ್ಣ ಮರದ ಗೂಟಗಳಿಗೆ ಫೆವಿಕಾಲ್ ಹಚ್ಚಿದರೆ ಗಟ್ಟಿ ನಿಜ, ಆದರೆ ಮುಂದೆ ಬಿಚ್ಚಲು ಬರುವುದಿಲ್ಲ. ಸ್ವಂತ ಮನೆಯವರು ಹಚ್ಚಿ, ಬಾಡಿಗೆಯವರು ಬಿಡಿ.

ಹಳೇ ಮನೆಗಳ ಶಹಾಬಾದ್ ಕಲ್ಲಿನ ನೆಲ ಸಮ ಇರುವುದು ಅಪರೂಪ. ಮೂರು ಕಾಲು ಊರಿ ಒಂದು ಮೇಲೆ ನಿಂತರೆ, ಆ ಕಾಲಿನ ಕೆಳಗೆ ತೆಳು ಪ್ಲೈವುಡ್ ತುಂಡೋ ಗಟ್ಟಿ ರಬ್ಬರೋ ಕೊಡಿ. ಮಡಚಿದ ರಟ್ಟು ಬೇಗ ಕುಸಿಯುತ್ತದೆ. ನಡುಗಾಲಿನ ಕೆಳಗೆ ಒಂದು ಹಾಳೆ ತೂರಿಸಿ ನೋಡಿ. ಸಲೀಸಾಗಿ ಹೋದರೆ ಆ ಕಾಲು ಸುಮ್ನೆ ನೇತಾಡುತ್ತಿದೆ, ಎತ್ತರಿಸಿ. ತೀರಾ ಉದ್ದವಾದರೂ ತಪ್ಪೇ, ಇಡೀ ಮಂಚ ಅದರ ಮೇಲೆ ತೂಗಾಡುತ್ತದೆ.

ಪಟ್ಟಿಗಳ ನಡುವೆ ಮೂರು ಇಂಚಿಗಿಂತ ಹೆಚ್ಚು ಸಂದು ಬೇಡ. ಸುಮ್ಮನೆ ಇಟ್ಟು ಬಿಟ್ಟರೆ ಜರುಗಿ ಬೀಳುತ್ತವೆ, ಎರಡೂ ತುದಿಗೆ ಒಂದೊಂದು ಸ್ಕ್ರೂ ಹಾಕಿ.

ಅಲುಗಾಟ, ಸದ್ದು

ಹಾಸಿಗೆ ಹಾಕುವ ಮುಂಚೆ ಕಾಲಿನ ಕಡೆ ನಿಂತು ಮಂಚವನ್ನು ಉದ್ದಕ್ಕೂ ಅಡ್ಡಕ್ಕೂ ತಳ್ಳಿ. ಬಿಗಿ ಮಾಡಿದ ಮೇಲೂ ಓಲಾಡಿದರೆ ಒಳಮೂಲೆಗಳಿಗೆ ಇಂಗ್ಲಿಷಿನ L ಆಕಾರದ ಕಬ್ಬಿಣದ ಪಟ್ಟಿ, ಅಂದರೆ ಎಲ್ ಆ್ಯಂಗಲ್ ಕೂರಿಸಿ. ಖರ್ಚು ಕಡಿಮೆ, ಫಲ ಜಾಸ್ತಿ.

ಸದ್ದು ಎಲ್ಲಿಂದ ಅಂತ ಗೊತ್ತಾಗದಿದ್ದರೆ ಒಬ್ಬರು ಮೇಲೆ ಕೂತು ಮೈ ಅಲುಗಿಸಲಿ, ಇನ್ನೊಬ್ಬರು ಒಂದೊಂದೇ ಜಾಯಿಂಟಿಗೆ ಬೆರಳಿಟ್ಟು ನೋಡಲಿ. ಉಜ್ಜುವ ಜಾಗ ಬೆರಳಿಗೆ ಸಿಗುತ್ತದೆ. ಪಟ್ಟಿ ಹಲಗೆಗೆ ಉಜ್ಜುತ್ತಿದ್ದರೆ ಅಲ್ಲಿಗೆ ಮೇಣದಬತ್ತಿ ತಿಕ್ಕಿ. ಎಣ್ಣೆ ಬೇಡ, ಮರ ಹೀರಿಕೊಳ್ಳುತ್ತದೆ, ಧೂಳೂ ಕೂರುತ್ತದೆ.

ತಿಂಗಳು ಕಳೆದ ಮೇಲೆ ಒಮ್ಮೆ ಎಲ್ಲ ಬೋಲ್ಟ್ ಬಿಗಿ ಮಾಡಿ. ಆಮೇಲೆ ಪ್ರತಿ ವರ್ಷ ಯುಗಾದಿ ಆಸುಪಾಸಿನಲ್ಲಿ. ನಮ್ಮ ಕಡೆಯ ಒಣ ಬಿಸಿಲಿಗೆ ಮರದ ಅಗಲ, ದಪ್ಪ ಕುಗ್ಗುತ್ತದೆ, ಉದ್ದ ಅಷ್ಟಾಗಿ ಕುಗ್ಗುವುದಿಲ್ಲ. ಮಳೆಗಾಲದಲ್ಲಿ ಬಿಗಿಯಿದ್ದ ಬೋಲ್ಟ್ ಏಪ್ರಿಲ್‌ನಲ್ಲಿ ಸಡಿಲಾಗುವುದು ಅದಕ್ಕೇ.

ತೂತು ಸವೆದು ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ, ಗಟ್ಟಿ ಮರವಾದರೆ ಬಿದಿರು ಕಡ್ಡಿಗೆ ಫೆವಿಕಾಲ್ ಹಚ್ಚಿ ತೂತಿಗೆ ಬಡಿದು, ಒಂದು ದಿನ ಒಣಗಿಸಿ ಹೊಸದಾಗಿ ಕೊರೆಯಿರಿ. ಪಾರ್ಟಿಕಲ್ ಬೋರ್ಡಾದರೆ ಈ ಉಪಾಯ ನಡೆಯುವುದು ಕಷ್ಟ. ಆರಪಾರ ಬೋಲ್ಟ್ ಹಾಕಿ, ಎರಡೂ ಕಡೆ ದೊಡ್ಡ ವಾಷರ್ ಕೊಟ್ಟು ನಟ್ಟು ಬಿಗಿಯಬೇಕು.

ಮನೆ ಬದಲಿಸುವಾಗ ಬಿಚ್ಚುವ ಮುಂಚೆಯೇ ಪ್ರತಿ ಜಾಯಿಂಟಿನ ಎರಡೂ ತುಂಡಿಗೆ ಒಂದೇ ನಂಬರ್ ಬರೆಯಿರಿ. ಬೋಲ್ಟ್ ಕಳೆದರೆ ಉಳಿದದ್ದರಲ್ಲಿ ಒಂದನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ಹೋಲಿಸಿ. ದಪ್ಪ ಕೂಡಿದರೆ ಸಾಲದು, ಉದ್ದವೂ ಕೂಡಬೇಕು. ಗಿಡ್ಡ ಬೋಲ್ಟ್ ಒಂದೆರಡು ಎಳೆ ಮಾತ್ರ ಕಚ್ಚಿ ಬಿಗಿಯಾದಂತೆ ನಟಿಸುತ್ತದೆ, ಭಾರ ಬಿದ್ದಾಗ ಎಳೆ ಕಿತ್ತು ಬರುತ್ತದೆ.