ನಾರ್ಮಂಡಿಗೆ ನೆಂಟರನ್ನು ಕರೆದೊಯ್ಯುವಾಗ: ಮೊದಲು ಊರು, ಆಮೇಲೆ ಕಡಲು

ಪ್ಯಾರಿಸ್ಸಿನಲ್ಲಿ ಮನೆ ಮಾಡಿಕೊಂಡವರಿಗೆ ಊರಿನಿಂದ ಬರುವ ನೆಂಟರಿಗೆ ಐಫೆಲ್ ಗೋಪುರ ತೋರಿಸುವ ಕೆಲಸ ತಪ್ಪಿದ್ದಲ್ಲ. ನನಗೆ ಅದರ ಜೊತೆಗೆ ಫ್ರಾನ್ಸಿನ ವಾಯವ್ಯ ಕಡಲತೀರದ ನಾರ್ಮಂಡಿಯೂ ಅಂಟಿಕೊಂಡಿದೆ. ಯುದ್ಧದ ಸಿನಿಮಾ ನೋಡಿದವರೆಲ್ಲ ಬಂದ ಮರುದಿನವೇ ಕೇಳುವುದು ಓಮಹಾ ಬೀಚ್ ಎಷ್ಟು ದೂರ ಅಂತ. ಬೆಳಿಗ್ಗೆ ಹತ್ತಿಸಿಕೊಂಡು ರಾತ್ರಿ ವಾಪಸು ತಂದುಬಿಡುವ ಟೂರ್ ಬಸ್ಸುಗಳು ಬೇಕಾದಷ್ಟಿವೆ. ಎರಡು ಬೀಚು, ಒಂದು ಸ್ಮಶಾನ, ಒಂದು ಬಂಕರು, ಮಧ್ಯೆ ಊಟ. ನಾನು ಆ ದಾರಿ ಹಿಡಿಯುವುದಿಲ್ಲ. ಎರಡು ದಿನ ಬಿಡುವಿದ್ದರೆ ಮಾತ್ರ ಕರೆದೊಯ್ಯುತ್ತೇನೆ, ಮೊದಲ ದಿನ ಕಡಲ ಹತ್ತಿರಕ್ಕೂ ಹೋಗುವುದಿಲ್ಲ.

ಕಾರಣ ಇಷ್ಟೇ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಜರ್ಮನರ ವಶದಲ್ಲಿದ್ದ ಫ್ರಾನ್ಸನ್ನು ಬಿಡಿಸಲು ಅಮೆರಿಕ, ಬ್ರಿಟನ್, ಕೆನಡಾ ಮೊದಲಾದ ಮಿತ್ರಪಡೆಯ ಸುಮಾರು 1,56,000 ಸೈನಿಕರು ಹಡಗು, ವಿಮಾನಗಳಲ್ಲಿ ಬಂದು ಈ ತೀರದಲ್ಲಿ ಇಳಿದರು. ಹಡಗು, ದೋಣಿ ಎಲ್ಲ ಸೇರಿ ಏಳು ಸಾವಿರದ ಹತ್ತಿರ. ಅವತ್ತು ಸತ್ತ ಮಿತ್ರಪಡೆಯವರಲ್ಲಿ ಹೆಸರು ಹಿಡಿದು ಲೆಕ್ಕ ಸಿಕ್ಕಿದ್ದು 4,400ಕ್ಕೂ ಹೆಚ್ಚು ಮಂದಿ. ಇದನ್ನೆಲ್ಲ ಯಾವ ಗೈಡನ್ನು ಕೇಳಿದರೂ ಹೇಳುತ್ತಾನೆ. ಅದೇ ಜೂನ್ 6 ಮತ್ತು 7, ಎರಡು ದಿನದಲ್ಲಿ ನಾರ್ಮಂಡಿಯ ಸುಮಾರು 3,000 ಮಂದಿ ಊರಿನ ಜನ ಸತ್ತರು. ಬೇಸಿಗೆ ಮುಗಿಯುವ ಹೊತ್ತಿಗೆ ಆ ಸಂಖ್ಯೆ 20,000ದ ಆಸುಪಾಸಿಗೆ ಬಂತು. ಬಹುಪಾಲು ಜನ ಸತ್ತದ್ದು ಬಿಡುಗಡೆ ಮಾಡಲು ಬಂದವರ ಬಾಂಬಿನಿಂದಲೇ. ಬೀಚನ್ನು ಮೊದಲು ತೋರಿಸಿದರೆ ಈ ಮಾತು ವಾಪಸು ಬರುವ ದಾರಿಯಲ್ಲಿ, ಅರ್ಧ ನಿದ್ದೆಯಲ್ಲಿ ಕೇಳಿಸಿಕೊಳ್ಳುವ ಸುದ್ದಿಯಾಗಿ ಹೋಗುತ್ತದೆ.

ಹಾಗಾಗಿ ಸಾಂ-ಲಜಾರ್ ನಿಲ್ದಾಣದಿಂದ ರೈಲು ಹತ್ತಿ ಎರಡು ಗಂಟೆಯಲ್ಲಿ ಕಾನ್ ಪಟ್ಟಣದಲ್ಲಿ ಇಳಿಯುತ್ತೇವೆ. (ಸಿನಿಮಾ ಉತ್ಸವ ನಡೆಯುವ ಊರಲ್ಲ, ಅದು ಎಲ್ಲೋ ದಕ್ಷಿಣದಲ್ಲಿದೆ. ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ.) ಇಲ್ಲಿ ಗೈಡ್ ಬೇಕಿಲ್ಲ, ನಡೆದರೆ ಸಾಕು. ನೇರ ಅಗಲ ರಸ್ತೆ, ಎರಡೂ ಬದಿಗೆ ಒಂದೇ ಎತ್ತರದ, ಒಂದೇ ತಿಳಿಹಳದಿ ಕಲ್ಲಿನ ಕಟ್ಟಡಗಳು. ನೋಡಲು ಚೆನ್ನಾಗಿಯೇ ಇವೆ. ಶಾಲೆಯಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದ ನಮ್ಮ ದೊಡ್ಡಪ್ಪನಿಗೆ, "ಈ ಬೀದಿಗೆ ಎಷ್ಟು ವರ್ಷ ಆಗಿರಬಹುದು ಹೇಳಿ" ಅಂದೆ. "ಯುರೋಪಲ್ವೇನೋ, ಇನ್ನೂರು ಮುನ್ನೂರು ವರ್ಷ" ಅಂದರು. ಅವರಿಗಿಂತ ಆ ಬೀದಿಯೇ ಚಿಕ್ಕದು. ಯುದ್ಧದಲ್ಲಿ ಊರಿನ ಮುಕ್ಕಾಲು ಪಾಲಿನಷ್ಟು ನೆಲಸಮವಾಗಿ, ಈಗ ಕಾಣುವುದರಲ್ಲಿ ಹೆಚ್ಚಿನದು ಆಮೇಲೆ ಕಟ್ಟಿದ್ದು.

ಜೂನ್ 6ರ ಮಧ್ಯಾಹ್ನವೇ ಇಲ್ಲಿ ಬಾಂಬು ಬಿದ್ದವು. ಜರ್ಮನ್ ಟ್ಯಾಂಕುಗಳು ಕಡಲಿಗೆ ಹೋಗುವ ದಾರಿಯನ್ನು ಊರುಗಳ ಅವಶೇಷದಿಂದಲೇ ಮುಚ್ಚಿಬಿಡುವುದು ಯೋಜನೆ. ಕಾನ್ ಒಂದೇ ಅಲ್ಲ. ಸಾಂ-ಲೋ, ಲಿಸಿಯೋ, ವೀರ್ ಹೀಗೆ ರಸ್ತೆ ಕೂಡುವ ಊರುಗಳ ಮೇಲೆಲ್ಲ ಅದೇ ಲೆಕ್ಕ. ಊರು ಬಿಡಿ ಎಂದು ಮುಂಚೆ ಕರಪತ್ರ ಉದುರಿಸಿದ್ದರು, ಗಾಳಿಗೆ ಎಷ್ಟೋ ಹಾರಿ ಹೊಲಕ್ಕೆ ಬಿದ್ದವು. ಮಿತ್ರಪಡೆ ಕಾನ್ ಪಟ್ಟಣವನ್ನು ಮೊದಲ ದಿನವೇ ಹಿಡಿಯಬೇಕಿತ್ತು. ಉತ್ತರದ ಅರ್ಧ ಕೈಗೆ ಬಂದಿದ್ದು ಜುಲೈ 9ಕ್ಕೆ, ನದಿಯಾಚೆಯದು ಜುಲೈ 19ಕ್ಕೆ. ಅದಕ್ಕೂ ಮುಂಚೆ ಜುಲೈ 7ರ ಸಂಜೆ 450ಕ್ಕೂ ಹೆಚ್ಚು ಭಾರೀ ಬಾಂಬರ್ ವಿಮಾನಗಳು ಊರಿನ ಉತ್ತರದ ಅಂಚಿಗೆ ಬಂದವು. ಅಲ್ಲಿ ಜರ್ಮನರು ಇದ್ದದ್ದೇ ಕಡಿಮೆ. ಒಟ್ಟು ಈ ಒಂದೇ ಊರಿನಲ್ಲಿ ಸತ್ತ ನಾಗರಿಕರು ಸುಮಾರು 2,000.

ಉಳಿದವರು ಎಲ್ಲಿದ್ದರು ಎಂಬುದನ್ನು ನೋಡಲಿಕ್ಕೇ ಅಬೇ-ಓ-ಓಮ್ ಎಂಬ ಹನ್ನೊಂದನೇ ಶತಮಾನದ ಮಠಕ್ಕೆ ಕರೆದೊಯ್ಯುತ್ತೇನೆ. 1066ರಲ್ಲಿ ಇದೇ ಕಡಲು ದಾಟಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯ ಸಮಾಧಿ ಇಲ್ಲಿದೆ. ಗೈಡುಗಳು ಅಲ್ಲಿಗೇ ನಿಲ್ಲಿಸುತ್ತಾರೆ. ನಾನು ಸಮಾಧಿಯ ಸುತ್ತಲಿನ ಕಲ್ಲುನೆಲ ತೋರಿಸುತ್ತೇನೆ. ಆ ಬೇಸಿಗೆಯಲ್ಲಿ ಸಾವಿರಾರು ಜನ ಇಲ್ಲಿ ಹುಲ್ಲು ಹಾಸಿಕೊಂಡು ಮಲಗಿದ್ದರು. ಅಡುಗೆ, ಹೆರಿಗೆ, ಸಾವು ಎಲ್ಲ ಈ ಮಠ ಮತ್ತು ಪಕ್ಕದ ಆಸ್ಪತ್ರೆಯ ಆವರಣದೊಳಗೇ. ಮೇಲಿನಿಂದ ಕಾಣಲಿ ಎಂದು ಹಾಸುಬಟ್ಟೆಗಳಿಂದ ಕೆಂಪು ಶಿಲುಬೆ ಮಾಡಿ ಹರಡಿದ್ದರು, ಬಣ್ಣವಿಲ್ಲದೆ ಶಸ್ತ್ರಚಿಕಿತ್ಸೆಯ ರಕ್ತದಲ್ಲೇ ಅದ್ದಿದ್ದರು ಎಂದು ಊರವರು ಹೇಳುತ್ತಾರೆ. ಮಠ ಉಳಿಯಿತು. ಇನ್ನೂ ಸಾವಿರಾರು ಜನ ಊರಾಚೆಯ ಫ್ಲೋರಿಯ ಕಲ್ಲುಗಣಿಗಳ ಸುರಂಗದಲ್ಲಿ ವಾರಗಟ್ಟಲೆ ಕತ್ತಲಲ್ಲಿ ಕಳೆದರು. ಗಣಿಯ ಮಾತು ಬಂದರೆ ನಮ್ಮ ಅತ್ತೆಯ ಪ್ರಶ್ನೆ ಒಂದೇ: ನೀರಿಗೆ ಏನು ಮಾಡಿದರು, ಮಕ್ಕಳಿಗೆ ಏನು ಕೊಟ್ಟರು? ಸೈನ್ಯದ ನಕ್ಷೆ ನೋಡಿದವರು ಯಾರೂ ಇದನ್ನು ನನ್ನ ಹತ್ತಿರ ಕೇಳಿಲ್ಲ.

ಈ ಪ್ರಶ್ನೆಗೆ ಉತ್ತರ ಬೇಕಾದವರನ್ನು ಫಲೇಜ್ ಊರಿನ ಮ್ಯೂಸಿಯಂಗೆ ಕಳಿಸುತ್ತೇನೆ. 2016ರಲ್ಲಿ ತೆರೆದದ್ದು, ಯುದ್ಧದಲ್ಲಿ ನಾಗರಿಕರು ಬದುಕಿದ್ದು ಹೇಗೆ ಎನ್ನುವುದಕ್ಕೇ ಮೀಸಲು. ಕಾನ್‌ನ ದೊಡ್ಡ ಮೆಮೋರಿಯಲ್ ಮ್ಯೂಸಿಯಂಗೆ ಅರ್ಧ ದಿನ ಸಾಲದು. ಸಮಯ ಕಡಿಮೆ ಇದ್ದರೆ ನಾನು ಅದನ್ನು ಬಿಟ್ಟು ಫಲೇಜ್ ಆರಿಸುತ್ತೇನೆ. ಇದಕ್ಕೆ ನನ್ನ ಫ್ರೆಂಚ್ ಸಹೋದ್ಯೋಗಿಗಳು ಒಪ್ಪುವುದಿಲ್ಲ, ಇರಲಿ.

ಸಾಂ-ಲೋ ಊರಿಗೆ ಕಾನ್‌ನಿಂದ ರೈಲಿದೆ. ಅಲ್ಲಿ ಹಳೆಯ ಜೈಲಿನ ಬಾಗಿಲೊಂದು ಒಂಟಿಯಾಗಿ ನಿಂತಿದೆ. ನಾಜಿಗಳ ವಿರುದ್ಧ ಕೆಲಸ ಮಾಡಿ ಸಿಕ್ಕಿಬಿದ್ದವರನ್ನು ಅಲ್ಲಿ ಕೂಡಿ ಹಾಕಿದ್ದರು. ಜೂನ್ 6ರ ರಾತ್ರಿ ಬಾಂಬು ಬಿದ್ದಾಗ ಅವರು ಒಳಗೇ ಸತ್ತರು. ಅದೇ ದಿನ ಕಾನ್ ಜೈಲಿನಲ್ಲಿ ಅಂಥದೇ ಕೈದಿಗಳನ್ನು ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೋದವರು ಅಂಗಳಕ್ಕೆ ತಂದು ಗುಂಡಿಕ್ಕಿದರು. ಒಂದು ಕಡೆ ಮಿತ್ರ, ಇನ್ನೊಂದು ಕಡೆ ಶತ್ರು, ಒಳಗಿದ್ದವರು ಒಂದೇ ತರಹದ ಜನ. ಯುದ್ಧ ಮುಗಿದ ಮೇಲೆ ಸಾಂ-ಲೋದಲ್ಲಿ ಐರಿಷ್ ರೆಡ್ ಕ್ರಾಸ್ ನಡೆಸಿದ ಆಸ್ಪತ್ರೆಯಲ್ಲಿ ನಾಟಕಕಾರ ಸ್ಯಾಮುಯೆಲ್ ಬೆಕೆಟ್ ಉಗ್ರಾಣ ನೋಡಿಕೊಂಡು, ದುಭಾಷಿಯಾಗಿ ದುಡಿದಿದ್ದ.

ದಾರಿಯಲ್ಲಿ ಸಿಗುವ ಹಳ್ಳಿಗಳಲ್ಲಿ ಒಂದು ಅಭ್ಯಾಸ ಇಟ್ಟುಕೊಳ್ಳಿ. ಚರ್ಚಿನ ಎದುರು ಯುದ್ಧದ ಸ್ಮಾರಕ ಕಲ್ಲು ಇರುತ್ತದೆ. ಮೇಲೆ ಮೊದಲ ಮಹಾಯುದ್ಧದವರ ಉದ್ದ ಪಟ್ಟಿ, ಕೆಳಗೆ 1939–1945ರವರು. ಅದರ ಬದಿಯಲ್ಲೋ ಅಡಿಯಲ್ಲೋ 'ವಿಕ್ಟೀಮ್ ಸಿವೀಲ್' (ಬಲಿಯಾದ ನಾಗರಿಕರು) ಎಂಬ ತಲೆಬರಹ ಹುಡುಕಿ. ನಾಗರಿಕರಿಗೆ ಸೈನಿಕರಂತೆ ಒಂದೇ ಕಡೆ ಸಾಲು ಸಾಲು ಗೋರಿಯ ದೊಡ್ಡ ಸ್ಮಶಾನ ಇಲ್ಲ, ಅವರವರ ಊರಿನಲ್ಲೇ ಚದುರಿಹೋಗಿದ್ದಾರೆ. ಫ್ರೆಂಚ್ ಬರದಿದ್ದರೂ ಪಟ್ಟಿ ಓದಬಹುದು: ಒಂದೇ ಮನೆತನದ ಹೆಸರು ಮೂರು ನಾಲ್ಕು ಸಲ ಬಂತೆಂದರೆ ಏನಾಯಿತೆಂದು ಯಾರೂ ವಿವರಿಸಬೇಕಿಲ್ಲ.

ರಾತ್ರಿ ಬಾಯೋ ಪಟ್ಟಣದಲ್ಲಿ ಉಳಿಯುತ್ತೇವೆ. ಕಾನ್‌ನಿಂದ ಮೂವತ್ತು ಕಿಲೋಮೀಟರಿನೊಳಗೆ. ಇಲ್ಲಿಗೆ ಬ್ರಿಟಿಷರು ಜೂನ್ 7ಕ್ಕೇ ಬಂದರು, ಊರಿಗೆ ಹೆಚ್ಚು ಪೆಟ್ಟಾಗಲಿಲ್ಲ. ಹಳೆಯ ಮರದ ಮನೆಗಳು, ಕೆಥೆಡ್ರಲ್ ಎಲ್ಲ ಹಾಗೇ ಇವೆ. ಬೆಳಿಗ್ಗೆ ಕಾನ್ ನೋಡಿ ಸಂಜೆ ಇಲ್ಲಿ ನಡೆದರೆ ಏನು ಹೋಯಿತೆಂಬುದು ಕಾಲಿಗೇ ಗೊತ್ತಾಗುತ್ತದೆ.

ಎರಡನೇ ದಿನ ಕಡಲು. ನಾನು ಹೊನ್ನಾವರದ ಕಡೆಯವನು, ಉಬ್ಬರ-ಇಳಿತ ಹೊಸದಲ್ಲ. ಆದರೆ ನಮ್ಮಲ್ಲಿ ನೀರು ಏರಿ ಇಳಿಯುವುದು ಹೆಚ್ಚೆಂದರೆ ಎರಡು ಮೀಟರು, ಇಲ್ಲಿ ಆರೇಳು ಮೀಟರು. ಹಾಗಾಗಿ ಹೊರಡುವ ಮೊದಲು ಉಬ್ಬರ-ಇಳಿತದ ಪಟ್ಟಿ ನೋಡಲೇಬೇಕು. ಫ್ರೆಂಚರು ಪ್ರತಿ ಉಬ್ಬರಕ್ಕೂ 20ರಿಂದ 120ರವರೆಗೆ ಒಂದು ಅಂಕೆ ಕೊಡುತ್ತಾರೆ. 90 ದಾಟಿದ ದಿನ ನೀರು ಬಹಳ ದೂರ ಸರಿಯುತ್ತದೆ. ಅಂಥ ದಿನ ಇಳಿತದ ಹೊತ್ತಿಗೇ ಓಮಹಾ ತಲುಪಿ. ಉಬ್ಬರದಲ್ಲಿ ಹೋದರೆ ಕಾಣುವುದು ಒಂದು ಚಂದದ ಕಿರಿದಾದ ಬೀಚು, ಅಷ್ಟೆ. ಇಳಿತದಲ್ಲಿ ನೀರಿನ ಅಂಚಿಗೆ ಹೋಗಿ ನಿಂತು ಹಿಂದಿರುಗಿ ದಿಬ್ಬ ನೋಡಬೇಕು. ಮುನ್ನೂರು ಮೀಟರಿಗೂ ಹೆಚ್ಚು ಬಯಲು ಮರಳು, ಮರೆಗೆ ಒಂದು ಬಂಡೆಯಿಲ್ಲ.

ಇಳಿತದಲ್ಲೇ ಯಾಕೆ ಬಂದರು ಎಂದು ಎಲ್ಲರೂ ಕೇಳುತ್ತಾರೆ. ಇದಕ್ಕೆ ನನಗಿಂತ ಚೆನ್ನಾಗಿ ಉತ್ತರ ಕೊಟ್ಟವರು ನಮ್ಮ ಭಾವ, ಸೇನೆಯ ಎಂಜಿನಿಯರ್ ದಳವಾದ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಜರ್ಮನ್ ಸೇನಾಧಿಪತಿ ರೊಮೆಲ್ ಮರಳಿನಲ್ಲಿ ಕಂಬ, ಕಬ್ಬಿಣದ ಮುಳ್ಳುಚೌಕಟ್ಟು ನೆಡಿಸಿ ತುದಿಗೆ ಮೈನ್ ಕಟ್ಟಿಸಿದ್ದ. ಉಬ್ಬರದಲ್ಲಿ ಬಂದಿದ್ದರೆ ಅವು ನೀರಡಿ ಅಡಗಿ ದೋಣಿಯ ತಳ ಹರಿಯುತ್ತಿದ್ದವು. ಇಳಿತ ಮುಗಿದು ನೀರು ಏರತೊಡಗಿದ ಹೊತ್ತಿಗೆ, ಬೆಳಿಗ್ಗೆ 6:30ಕ್ಕೆ ಅಮೆರಿಕನ್ನರು ಇಳಿದರು. ಅಡೆತಡೆ ಸಿಡಿಸಿ ದೋಣಿಗಳಿಗೆ ದಾರಿ ಮಾಡುವುದು ಎಂಜಿನಿಯರ್ ತಂಡಗಳ ಪಾಲು. ಓಮಹಾದಲ್ಲಿ 16 ದಾರಿ ತೆರೆಯಬೇಕಿತ್ತು, ಮೊದಲ ಹೊತ್ತಿನಲ್ಲಿ ತೆರೆದದ್ದು ಮೂರನೇ ಒಂದು ಪಾಲಿನಷ್ಟು. "ಸ್ಫೋಟಕ ಬೆನ್ನಿಗೆ ಕಟ್ಟಿಕೊಂಡು, ಗುಂಡು ಹಾರುವಾಗ, ಹಿಂದೆ ನೀರು ಏರುತ್ತಾ ಇರೋವಾಗ ಮಾಡೋ ಕೆಲಸ ಇದು" ಎಂದು ಭಾವ ಮರಳಲ್ಲಿ ಹೆಜ್ಜೆ ಎಣಿಸುತ್ತಾ ಹೇಳಿದರು. ಕಾಲಾಳುಗಳಿಗೆ ಆಸರೆಯಾಗಿ ತೇಲಿಬರುವ ಟ್ಯಾಂಕುಗಳನ್ನೂ ಕಳಿಸಿದ್ದರು. ಒಂದು ದಳ ದೂರದಲ್ಲೇ ನೀರಿಗಿಳಿಸಿದ 29ರಲ್ಲಿ 27 ಮುಳುಗಿದವು. ಅಲೆ ಅಷ್ಟಿತ್ತು. ಹವಾಮಾನ ಕೆಟ್ಟಿದ್ದರಿಂದಲೇ ದಾಳಿ ಜೂನ್ 5ರಿಂದ ಒಂದು ದಿನ ಮುಂದೆ ಹೋಗಿತ್ತು.

ಅರೋಮಾಂಶ್‌ನಲ್ಲಿ ಸಮುದ್ರದೊಳಗೆ ಕಾಣುವ ಕಾಂಕ್ರೀಟ್ ಪೆಟ್ಟಿಗೆಗಳು ಇಂಗ್ಲೆಂಡಿನಿಂದ ಎಳೆದು ತಂದ ಕೃತಕ ಬಂದರಿನವು. ಎಂಜಿನಿಯರಿಂಗ್ ಓದಿದವರು ಅಲ್ಲಿಂದ ಏಳುವುದೇ ಇಲ್ಲ, ಮುಂಚೆಯೇ ಒಂದು ಗಂಟೆ ಎಂದು ಕರಾರು ಮಾಡಿಕೊಳ್ಳಿ.

ಸ್ಮಶಾನಗಳು ಮೂರನ್ನೂ ನೋಡಿ, ಒಂದನ್ನೇ ಅಲ್ಲ. ಕೋಲ್‌ವಿಲ್‌ನ ಅಮೆರಿಕನ್ ಸ್ಮಶಾನದಲ್ಲಿ 9,300ಕ್ಕೂ ಹೆಚ್ಚು ಬಿಳಿ ಅಮೃತಶಿಲೆಯ ಗುರುತುಗಳು. ಹೆಸರು, ದಳ, ರಾಜ್ಯ, ಸತ್ತ ದಿನ ಇದೆ; ಹುಟ್ಟಿದ ದಿನ ಇಲ್ಲ. ಅತ್ತೆ ಕಲ್ಲಿಂದ ಕಲ್ಲಿಗೆ ನಡೆದು, "ವಯಸ್ಸೇ ಬರೆದಿಲ್ಲವಲ್ಲೋ" ಅಂದರು. ಬಾಯೋದ ಬ್ರಿಟಿಷ್ ಸ್ಮಶಾನದಲ್ಲಿ ಬಹುತೇಕ ಕಲ್ಲುಗಳಲ್ಲಿ ವಯಸ್ಸಿದೆ, ಅಡಿಯಲ್ಲಿ ಮನೆಯವರು ಬರೆಸಿದ ಒಂದೆರಡು ಸಾಲೂ ಇರುತ್ತದೆ. ಅಲ್ಲಿ ಅವರು ಒಂದೊಂದನ್ನೂ ನನ್ನಿಂದ ಓದಿಸಿ ಕನ್ನಡ ಮಾಡಿಸಿಕೊಂಡರು, ಮಧ್ಯಾಹ್ನದ ಊಟ ತಪ್ಪಿತು. ಆ ಆವರಣದಲ್ಲೇ 466 ಜರ್ಮನರೂ ಇದ್ದಾರೆ. ಲಾ ಕಾಂಬ್‌ನ ಜರ್ಮನ್ ಸ್ಮಶಾನ ಬೇರೆಯೇ: 21,000ಕ್ಕೂ ಹೆಚ್ಚು ಜನ, ನೆಲಕ್ಕೆ ಒರಗಿದ ಕಲ್ಲುಗಳು, ಒಂದೊಂದರಲ್ಲಿ ಎರಡೆರಡು ಹೆಸರು, ನಡುವೆ ಕಪ್ಪು ಶಿಲುಬೆಗಳು. ಹದಿನೇಳು ಹದಿನೆಂಟರ ಹುಡುಗರು ಬಹಳ. ನಾಜಿ ಪಕ್ಷದ ಸಶಸ್ತ್ರ ದಳ ಎಸ್‌ಎಸ್‌ನವರೂ ಅಲ್ಲೇ ಇದ್ದಾರೆ; ಕಾನ್ ಹತ್ತಿರದ ಆರ್ಡೆನ್ ಮಠದ ತೋಟದಲ್ಲಿ ಸೆರೆಸಿಕ್ಕ ಕೆನಡಾ ಸೈನಿಕರನ್ನು ಕೊಂದದ್ದು ಅವರ ಹನ್ನೆರಡನೇ ಡಿವಿಜನ್. ಹಾಗಾಗಿ ಲಾ ಕಾಂಬ್‌ನಲ್ಲಿ ನನಗೆ ಬರುವುದು ಬರೀ ಮರುಕ ಎಂದರೆ ಸುಳ್ಳಾದೀತು.

"ನಮ್ಮವರು ಇದ್ದರಾ?" ಈ ಪ್ರಶ್ನೆಗೂ ಉತ್ತರ ಸಿದ್ಧವಿರಲಿ. ಭಾರತೀಯ ಸೇನೆಯ ಡಿವಿಜನ್‌ಗಳು ನಾರ್ಮಂಡಿಗೆ ಬರಲಿಲ್ಲ. ಅದೇ ಜೂನ್‌ನಲ್ಲಿ ಅವು ಇಟಲಿಯಲ್ಲಿದ್ದವು, ಮತ್ತು ಕೊಹಿಮಾ–ಇಂಫಾಲದಲ್ಲಿ; ಜಪಾನೀಯರು ತಡೆದಿದ್ದ ಆ ರಸ್ತೆ ತೆರೆದದ್ದು ಜೂನ್ 22ಕ್ಕೆ. ಇಟಲಿಯ ಮಾತು ಬಂದರೆ ಭಾವ ಸುಬೇದಾರ್ ಸುಬ್ರಮಣಿಯನ್ ಹೆಸರು ಹೇಳದೆ ಬಿಡುವುದಿಲ್ಲ: 1944ರ ಫೆಬ್ರವರಿಯಲ್ಲಿ ಮಿನ್ಯಾನೋ ಬಳಿ ಜೊತೆಯವರನ್ನು ಉಳಿಸಲು ಸಿಡಿಯಲಿದ್ದ ಮೈನ್ ಮೇಲೆ ಬಿದ್ದ ಮದ್ರಾಸ್ ಸ್ಯಾಪರ್, ಜಾರ್ಜ್ ಕ್ರಾಸ್ ಶೌರ್ಯಪದಕ ಪಡೆದವರು. ಇನ್ನು ಇದೇ ಫ್ರಾನ್ಸಿನ ತೀರದಲ್ಲಿ, ಆದರೆ ಬಹಳ ದಕ್ಷಿಣಕ್ಕೆ ಬೋರ್ಡೋ ಹತ್ತಿರದ ಲಕಾನೋದಲ್ಲಿ, ಜರ್ಮನರ ಪರವಾಗಿ ಕಾವಲಿದ್ದವರು ಸುಭಾಷ್‌ಚಂದ್ರ ಬೋಸರು ಜರ್ಮನಿಯಲ್ಲಿ ಕಟ್ಟಿದ ಭಾರತೀಯ ದಳದವರು. ಇದನ್ನು ಕೇಳಿ ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಊರುಗಳ ಮೇಲೆ ಬಾಂಬು ಹಾಕಿದ್ದು ಬೇಕಿತ್ತೇ ಎಂಬುದರಲ್ಲಿ ನನಗೂ ಭಾವನಿಗೂ ಇವತ್ತಿಗೂ ಒಮ್ಮತವಿಲ್ಲ. ರಸ್ತೆ ಮುಚ್ಚದಿದ್ದರೆ ಟ್ಯಾಂಕು ಬೀಚಿಗೆ ಬರುತ್ತಿದ್ದವು, ಇಳಿದವರು ಕಡಲಿಗೇ ಬೀಳುತ್ತಿದ್ದರು ಎಂಬುದು ಅವರ ವಾದ. ಕುಸಿದ ಮನೆಗಳ ರಾಶಿ ಜರ್ಮನರಿಗಿಂತ ಹೆಚ್ಚಾಗಿ ಆಮೇಲೆ ಕಾನ್‌ಗೆ ನುಗ್ಗಬೇಕಿದ್ದ ಬ್ರಿಟಿಷರ, ಕೆನಡಾದವರ ದಾರಿಗೇ ಅಡ್ಡವಾಯಿತು, ಜುಲೈ 7ರ ದಾಳಿಗಂತೂ ನೆಪವೂ ಇಲ್ಲ ಎಂಬುದು ನನ್ನದು. ಫ್ರೆಂಚ್ ಸರ್ಕಾರಕ್ಕೂ ಇದು ಸುಲಭದ ಮಾತಾಗಿರಲಿಲ್ಲ. ಬಿಡಿಸಿದವರ ಬಾಂಬಿನಿಂದ ಸತ್ತವರನ್ನು ಅಧ್ಯಕ್ಷರೇ ದೊಡ್ಡ ಸಮಾರಂಭದಲ್ಲಿ ನೆನೆದದ್ದು 2014ರಲ್ಲಿ ಕಾನ್‌ನಲ್ಲಿ, ಮತ್ತೆ 2024ರಲ್ಲಿ ಸಾಂ-ಲೋದಲ್ಲಿ.

ಇನ್ನು ಹೊರಡುವವರಿಗೆ: ಜೂನ್ ಮೊದಲ ವಾರ ಬೇಡ. ಸಮಾರಂಭಕ್ಕೆಂದು ರಸ್ತೆಗಳನ್ನು ಮುಚ್ಚುತ್ತಾರೆ, ಬಾಯೋದಲ್ಲಿ ಕೋಣೆ ಸಿಗುವುದಿಲ್ಲ, ಸಿಕ್ಕರೆ ಬೆಲೆ ಕೈಗೆಟಕುವುದಿಲ್ಲ. ಸೆಪ್ಟೆಂಬರ್ ಒಳ್ಳೆಯದು. ಬೀಚುಗಳ ನಡುವೆ ಬಸ್ಸು ಅಪರೂಪ, ಹಿರಿಯರು ಜೊತೆಗಿದ್ದರೆ ಬಾಯೋದಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳಿ. ಬೇಸಿಗೆಯಾದರೂ ಗಾಳಿ ತಡೆಯುವ ಜಾಕೆಟ್ ಇರಲಿ. ಸೀರೆ ಉಟ್ಟವರಿಗೆ ಓಮಹಾದ ಗಾಳಿ ದೊಡ್ಡ ಪೀಡೆ, ಅತ್ತೆಯ ಮಾತಿನಲ್ಲೇ ಹೇಳುವುದಾದರೆ, "ಚೂಡಿದಾರ ತಂದಿದ್ದರೆ ಚೆನ್ನಾಗಿತ್ತು."