ಮೊದಲು ಬಿಸಿನೀರು, ಆಮೇಲೆ ಕರೆಂಟು

ಮನೆಗೆ ಸೋಲಾರ್ ಹಾಕಿಸಬೇಕು, ಎಷ್ಟು ಕಿಲೋವ್ಯಾಟ್ ಸಾಕು ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಬಚ್ಚಲ ಒಲೆಗೆ ವರ್ಷಕ್ಕೆ ಎಷ್ಟು ಕಟ್ಟಿಗೆ ಬೇಕು? ನಮ್ಮದು ಸಾಗರ ತಾಲೂಕಿನ ಅಡಿಕೆ ತೋಟದ ಮನೆ. ಇಲ್ಲಿ ದೀಪ, ಫ್ಯಾನಿಗೆ ಬೇಕಾಗುವುದು ಸ್ವಲ್ಪ. ಸ್ನಾನದ ನೀರು, ಅಡುಗೆ, ಅಡಿಕೆ ಮತ್ತು ಕಾಳುಮೆಣಸು ಒಣಗಿಸುವುದು, ಇವಕ್ಕೆ ಬೇಕಾದ ಬಿಸಿಯೇ ಜಾಸ್ತಿ. ಬಿಸಿ ಬೇಕಿದ್ದರೆ ಬಿಸಿಲನ್ನು ನೇರವಾಗಿ ಹಿಡಿಯಬೇಕು. ಅದನ್ನು ಕರೆಂಟು ಮಾಡಿ, ಆ ಕರೆಂಟಿನಿಂದ ಗೀಸರ್ ಓಡಿಸುವುದು ಸುತ್ತಿನ ದಾರಿ. ಈಗಿನ ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಭಾಗವನ್ನಷ್ಟೇ ಕರೆಂಟು ಮಾಡುತ್ತದೆ. ಮನೆಯಲ್ಲೇ ಮಾಡಿದ ನೀರು ಕಾಯಿಸುವ ಪೆಟ್ಟಿಗೆ ಅದರ ಎರಡು ಪಟ್ಟು ಬಿಸಿ ಹಿಡಿಯಬಲ್ಲದು.

ಲೆಕ್ಕ ಹೀಗೆ ಹಾಕಿದೆ. 100 ಲೀಟರ್ ನೀರನ್ನು 22 ಡಿಗ್ರಿಯಿಂದ 52 ಡಿಗ್ರಿಗೆ ಏರಿಸಲು ಸುಮಾರು ಮೂರೂವರೆ ಯೂನಿಟ್ (ಕಿಲೋವ್ಯಾಟ್ ಅವರ್) ಶಕ್ತಿ ಬೇಕು. ಚಳಿಗಾಲದ ಒಳ್ಳೆ ಬಿಸಿಲಿನ ದಿನ ಒಂದು ಚದರ ಮೀಟರಿಗೆ ಸುಮಾರು 5 ಯೂನಿಟ್ ಬೀಳುತ್ತದೆ. ಅರ್ಧಕ್ಕಿಂತ ಕಮ್ಮಿ ಹಿಡಿದರೂ 2 ಚದರ ಮೀಟರಿನ ಪೆಟ್ಟಿಗೆ ಸಾಕು.

ಪೆಟ್ಟಿಗೆ ಮಾಡಿದ್ದು ಹಳೇ ಮರದ ಹಲಗೆಯಲ್ಲಿ. ತಳದಲ್ಲಿ, ಬಿಸಿ ಸೋರದಂತೆ, ಎರಡು ಇಂಚು ಗ್ಲಾಸ್‌ವೂಲ್, ಅದರ ಮೇಲೆ ಅಲ್ಯೂಮಿನಿಯಂ ತಗಡು, ತಗಡಿಗೆ ಗಟ್ಟಿಯಾಗಿ ಅಂಟಿಕೊಂಡ ಅರ್ಧ ಇಂಚಿನ ತಾಮ್ರದ ಪೈಪುಗಳು. ಎಲ್ಲಕ್ಕೂ ಹೊಳಪಿಲ್ಲದ ಕಪ್ಪು ಬಣ್ಣ. ಮೇಲೆ 4 ಮಿಲಿಮೀಟರಿನ ಟಫನ್ಡ್ ಗಾಜು. ತಾಮ್ರದ ಬೆಸುಗೆಗೆ ಫ್ರಿಜ್ ರಿಪೇರಿ ಮಾಡುವವರನ್ನು ಕರೆಸಿದೆ, ಅದು ಅವರಿಗೆ ದಿನನಿತ್ಯದ ಕೆಲಸ. ಪೈಪು ತಗಡಿಗೆ ತಾಗದೆ ನಡುವೆ ಸಂದು ಉಳಿದರೆ ತಗಡಿನ ಬಿಸಿ ಸರಿಯಾಗಿ ನೀರಿಗೆ ಇಳಿಯುವುದಿಲ್ಲ, ಹಾಗಾಗಿ ಇಲ್ಲಿ ಅವಸರ ಮಾಡಬೇಡಿ.

ಪಂಪು ಬೇಡ. ಕಾದ ನೀರು ಹಗುರಾಗಿ ತಾನೇ ಮೇಲೇರುತ್ತದೆ, ತಣ್ಣೀರು ಕೆಳಗೆ ಬರುತ್ತದೆ. ಅದಕ್ಕೆ ಬಿಸಿನೀರು ತುಂಬಿಡುವ ಟ್ಯಾಂಕಿನ ತಳ ಪೆಟ್ಟಿಗೆಯ ಮೇಲಂಚಿಗಿಂತ ಒಂದಡಿಯಾದರೂ ಎತ್ತರ ಇರಬೇಕು, ಬಿಸಿನೀರಿನ ಪೈಪು ಎಲ್ಲೂ ಡೊಂಕಾಗದೆ ಏರುತ್ತಾ ಹೋಗಬೇಕು, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ನೀರು ನಿಂತುಬಿಡುತ್ತದೆ. ಪೆಟ್ಟಿಗೆಯ ಮುಖ ದಕ್ಷಿಣಕ್ಕೆ. ನಮ್ಮೂರು 14 ಡಿಗ್ರಿ ಅಕ್ಷಾಂಶದಲ್ಲಿದೆ, ಆದರೂ ನಾನು 25 ಡಿಗ್ರಿ ಓರೆ ಇಟ್ಟೆ. ಬಿಸಿನೀರು ಹೆಚ್ಚು ಬೇಕಾಗುವುದು ಡಿಸೆಂಬರ್, ಜನವರಿಯಲ್ಲಿ, ಆಗ ಸೂರ್ಯ ದಕ್ಷಿಣಕ್ಕೆ ಇಳಿದಿರುತ್ತಾನೆ ಅಲ್ವಾ.

ಅಡುಗೆಗೆ ಗೋಬರ್ ಗ್ಯಾಸ್. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು ಮಾದರಿಯ ಗುಂಡಿ, ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಗ್ಯಾಸ್ ಆದ ಮೇಲೆ ಉಳಿಯುವ ಸ್ಲರಿ ಸೀದಾ ತೋಟಕ್ಕೆ. ಮಳೆಗಾಲದ ಚಳಿಗೆ ಗ್ಯಾಸ್ ಕಮ್ಮಿಯಾಗುತ್ತದೆ, ಅದಕ್ಕೆ ಸಿಲಿಂಡರ್ ಒಂದು ಇದ್ದೇ ಇದೆ.

ಆಮೇಲೆ ಒಣಗಿಸುವ ಮನೆ. ಕಬ್ಬಿಣದ ಪೈಪು ಬಗ್ಗಿಸಿ, ಬಿಸಿಲಿಗೆ ಬೇಗ ಹಾಳಾಗದ 200 ಮೈಕ್ರಾನಿನ ಯುವಿ ಪ್ಲಾಸ್ಟಿಕ್ ಹೊದಿಸಿದೆ. ಕೆಳಗೆ ಗಾಳಿ ಬರಲು ಕಿಂಡಿ, ಮೇಲೆ ತೇವದ ಗಾಳಿ ಹೋಗಲು ಕಿಂಡಿ. ಈ ಮೇಲಿನ ಕಿಂಡಿ ಬಹಳ ಮುಖ್ಯ, ಒಳಗೆ ಎಷ್ಟೇ ಬಿಸಿ ಇದ್ದರೂ ತೇವ ಹೊರಗೆ ಹೋಗದಿದ್ದರೆ ಬೂಸ್ಟು ಹಿಡಿಯುತ್ತದೆ. ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ, ಅಂಗಳದಲ್ಲಿ ಒಣಗಲು 35ರಿಂದ 45 ದಿನ ಬೇಕು. ನಡುವೆ ಅಕಾಲ ಮಳೆ ಬಂದರೆ ಓಡಿಹೋಗಿ ಮುಚ್ಚುವ ಗಡಿಬಿಡಿ ಈಗ ಇಲ್ಲ.

ಕರೆಂಟಿಗೆ ಬಂದದ್ದು ಇಷ್ಟೆಲ್ಲ ಆದ ಮೇಲೆ. ಮೊದಲು ಸಣ್ಣ ಪ್ಯಾನೆಲ್, 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿ. ಅದರಲ್ಲಿ 1.8 ಯೂನಿಟ್ ಹಿಡಿಯುತ್ತದೆ, ನಾನು ಬಳಸುವುದು ಅರ್ಧ ಮಾತ್ರ, ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಬೇಗ ಸಾಯುತ್ತದೆ. ಎಲ್‌ಇಡಿ ದೀಪಕ್ಕೆ, 30 ವ್ಯಾಟಷ್ಟೇ ತಿನ್ನುವ ಬಿಎಲ್‌ಡಿಸಿ ಫ್ಯಾನಿಗೆ ಅಷ್ಟು ಸಾಕು.

ಮಲೆನಾಡಿನ ಮಳೆಗಾಲದಲ್ಲಿ ಸೂರ್ಯನನ್ನು ನಂಬಿ ಕೂರಲಾಗದು. ಆದರೆ ಆಗಲೇ ಹಳ್ಳ ತುಂಬಿ ಹರಿಯುತ್ತದೆ. ಗುಡ್ಡದಿಂದ ಪಿವಿಸಿ ಪೈಪಿನಲ್ಲಿ ನೀರು ಇಳಿಸಿ ಸಣ್ಣ ಟರ್ಬೈನ್ ತಿರುಗಿಸಿದೆ. 20 ಲೀಟರಿನ ಕೊಡ 4 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. 20 ಮೀಟರ್ ಎತ್ತರದಿಂದ ಬಿದ್ದರೆ ಲೆಕ್ಕಕ್ಕೆ ಸುಮಾರು 980 ವ್ಯಾಟ್, ಕೈಗೆ ಸಿಗುವುದು ಅರ್ಧ. ಆದರೆ ಅದು ರಾತ್ರಿ ಹಗಲು ಬರುತ್ತದೆ, ದಿನಕ್ಕೆ 12 ಯೂನಿಟ್! ಮನೆಯಲ್ಲಿ ಬಳಸದ ಕರೆಂಟನ್ನು ಎಲ್ಲಾದರೂ ಸುರಿಯಲೇಬೇಕು, ಇಲ್ಲದಿದ್ದರೆ ಟರ್ಬೈನ್ ವೇಗ ಮಿತಿಮೀರುತ್ತದೆ. ಆ ಹೆಚ್ಚಿನದನ್ನು ಸೋಲಾರ್ ಟ್ಯಾಂಕಿನೊಳಗಿನ ನೀರು ಕಾಯಿಸುವ ಕಾಯಿಲ್‌ಗೆ ಕೊಟ್ಟಿದ್ದೇನೆ. ಆಗಸ್ಟಿನ ಜಡಿಮಳೆಯಲ್ಲಿ ಸ್ನಾನದ ನೀರು ಹಳ್ಳದಿಂದಲೇ ಕಾಯುತ್ತದೆ, ಇದು ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟ ಕೆಲಸ. ನೀರು ಹಿಡಿಯುವಲ್ಲಿ ಜಾಲರಿಗೆ ದರಕು (ಉದುರಿದ ಎಲೆ) ಕಟ್ಟಿಕೊಳ್ಳುತ್ತದೆ, ಬೆಳಿಗ್ಗೆ ಹೋಗಿ ತೆಗೆಯಬೇಕು.

2024ರಲ್ಲಿ ಮನೆ ಛಾವಣಿಗೆ ಸೋಲಾರ್ ಹಾಕಿಸುವ ಕೇಂದ್ರ ಸರ್ಕಾರದ ಯೋಜನೆ ಪಿಎಂ ಸೂರ್ಯಘರ್ ಶುರುವಾದ ಮೇಲೆ, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ, ನೀವು ಯಾಕೆ ಹಾಕಿಸಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಒಳ್ಳೆಯದೇ, ಪೇಟೆಯವರು ಖಂಡಿತ ಹಾಕಿಸಿ. ಆದರೆ ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತಲೇ ಆ ವ್ಯವಸ್ಥೆ. ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದ ನಮ್ಮಂಥ ಕಡೆ ಬ್ಯಾಟರಿ ಜೊತೆಗಿರುವ ಹೈಬ್ರಿಡ್ ಇನ್ವರ್ಟರೇ ಬೇಕು. ಮುಂದಿನ ಕೊಯ್ಲಿನ ದುಡ್ಡು ಬಂದಾಗ ಅದನ್ನೇ ಹಾಕಿಸುವವನಿದ್ದೇನೆ.